ಹೊಗೆ ಮಾಂಸದ ಉಗ್ರಾಣ



ಮೇ ತಿಂಗಳು ಬಂತೆಂದರೆ ಕೊಡಗು, ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತಯಾರಿ. ಸೌದೆ ಕೊಟ್ಟಿಗೆ ಸೇರಬೇಕು, ಸಂಡಿಗೆ ಹಪ್ಪಳ ಡಬ್ಬಿ ಸೇರಬೇಕು, ಸಂತೆಯಿಂದ ಒಣಮೀನು ಬರಬೇಕು, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಬೇಕು. ಒಂದು ಕಾಲಕ್ಕೆ ಈ ಪಟ್ಟಿಯಲ್ಲಿ ತಪ್ಪದೆ ಇದ್ದು, ಈಗ ಮೆಲ್ಲಗೆ ಜಾರಿಹೋಗಿರುವ ಪದಾರ್ಥವೊಂದಿದೆ: ಹೊಗೆಯಲ್ಲಿ ಒಣಗಿದ ಮಾಂಸ. ಕೊಡವ ಮನೆಗಳಲ್ಲಿ ಒಣಕ್ ಎರ್ಚಿ ಅನ್ನುತ್ತಾರೆ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂಬ ಆಸೆ ಈಚೆಗೆ ಮತ್ತೆ ಚಿಗುರಿದೆ. ಯೂಟ್ಯೂಬ್ ನೋಡಿ ಡ್ರಮ್ಮಿಗೆ ತೂತು ಕೊರೆಯುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಸಂತೋಷವೇ. ಆದರೆ ಡ್ರಮ್ಮು ಕೊರೆಯುವ ಮೊದಲು ಉಗ್ರಾಣ ನೋಡಿಕೊಳ್ಳಿ ಅನ್ನುವುದು ಇವತ್ತಿನ ನನ್ನ ಮಾತು. ಮಾಂಸ ಮುಟ್ಟದ ಕೇಳುಗರು ರೇಡಿಯೋ ಆರಿಸಬೇಕಾಗಿಲ್ಲ. ಮಾತು ಬಹುಪಾಲು ಉಪ್ಪಿನದು, ಸೌದೆಯದು, ಹುಳಿಯದು.

ಹಳೆಯ ಮನೆಗಳಲ್ಲಿ ಸೌದೆ ಒಲೆಯ ನೇರ ಮೇಲೆ ಒಂದು ಅಟ್ಟ ಇರುತ್ತಿತ್ತು. ಬಿದಿರಿನದೋ ಮರದ ಪಟ್ಟಿಯದೋ, ಇಲ್ಲಣ ಕಟ್ಟಿ ಕಪ್ಪಗೆ ಹೊಳೆಯುತ್ತಿದ್ದುದು. ಬಿತ್ತನೆ ಬೀಜ ಅಲ್ಲಿ, ಹೊಸ ಬುಟ್ಟಿ ಮೊರ ಅಲ್ಲಿ. ಹೊಗೆ ಕುಡಿದ ಬಿದಿರಿಗೆ ಹುಳು ಬೀಳುವುದಿಲ್ಲ. ಅದೇ ಅಟ್ಟದ ಕೆಳಗೆ ಉಪ್ಪು, ಅರಿಶಿನ, ಖಾರದ ಪುಡಿ ಸವರಿದ ಮಾಂಸದ ಉದ್ದುದ್ದ ಪಟ್ಟಿಗಳು ತೂಗಾಡುತ್ತಿದ್ದವು. ಗಮನಿಸಬೇಕಾದ ಸಂಗತಿ ಏನೆಂದರೆ, ಮಾಂಸಕ್ಕಾಗಿ ಎಂದು ಯಾರೂ ಬೆಂಕಿ ಹಾಕುತ್ತಿರಲಿಲ್ಲ. ಬೆಳಗಿನ ಕಾಫಿಗೆ ಹೊತ್ತಿದ ಒಲೆ ರಾತ್ರಿ ಊಟ ಮುಗಿಯುವವರೆಗೂ ಯಾವುದೋ ಒಂದು ಕೆಲಸಕ್ಕೆ ಉರಿಯುತ್ತಲೇ ಇರುತ್ತಿತ್ತು. ಹೊರಗೆ ಕಕ್ಕಡದ ಮಳೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಆ ಒಂದು ತಿಂಗಳು ಕೊಡಗಿನಲ್ಲಿ ಬಟ್ಟೆ ಒಣಗುವುದಿಲ್ಲ, ಬೆಂಕಿಪೊಟ್ಟಣ ಹೊತ್ತುವುದಿಲ್ಲ. ಆಗ ಇಡೀ ಮನೆಯಲ್ಲಿ ಒಣಗಿದ, ಬೆಚ್ಚಗಿನ ಗಾಳಿ ಇದ್ದ ಜಾಗ ಆ ಅಟ್ಟ ಒಂದೇ. ನಾಟಿ ಗದ್ದೆಯಿಂದ ಒದ್ದೆಯಾಗಿ ಬಂದವರಿಗೆ ಅಲ್ಲಿಂದ ಎರಡು ಪಟ್ಟಿ ಇಳಿಸಿ, ಬಿಸಿನೀರಲ್ಲಿ ನೆನೆಸಿ, ಜಜ್ಜಿ, ಈರುಳ್ಳಿ ಮೆಣಸಿನಕಾಯಿ ಹಾಕಿ ಹುರಿದರೆ ಊಟಕ್ಕೆ ಮತ್ತೇನೂ ಬೇಡ.

ಆ ಮಾಂಸದಲ್ಲಿ ದೊಡ್ಡ ಪಾಲು ಕಾಡುಹಂದಿಯದಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಅದರ ಬಗ್ಗೆ ಹಳಹಳಿಸುವವರು ಇನ್ನೂ ಇದ್ದಾರೆ, ನಾನು ಆ ಗುಂಪಿನವಳಲ್ಲ. ಸಾಕಿದ ಹಂದಿಯ ಮಾಂಸ ಅಂಗಡಿಯಲ್ಲಿ ಸಿಗುತ್ತದೆ, ಹದ ತಿಳಿದಿದ್ದರೆ ಅದು ಸಾಕು. ಬೇಟೆ ನಿಂತದ್ದಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಗ್ಯಾಸ್ ಒಲೆ. ಅಡುಗೆಮನೆಗೆ ಸಿಲಿಂಡರ್ ಬಂತು, ಹೊಗೆ ಹೋಯಿತು, ಹೆಂಗಸರ ಕಣ್ಣು ಎದೆ ಬದುಕಿಕೊಂಡವು. ಅದು ಒಳ್ಳೆಯದೇ ಆಯಿತು. ಆದರೆ ಅಟ್ಟವೂ ಹೋಯಿತು. ದಿನವಿಡೀ ತಾನಾಗಿ ನೀರಿನಂಶ ಹೀರುತ್ತ, ನೊಣ ಓಡಿಸುತ್ತ, ಮಾಂಸಕ್ಕೆ ತೆಳ್ಳಗೆ ಹೊಗೆಯ ಲೇಪ ಕೊಡುತ್ತ ಇದ್ದ ಒಂದು ವ್ಯವಸ್ಥೆ ಯಾರ ಗಮನಕ್ಕೂ ಬಾರದೆ ಹೋಗಿಬಿಟ್ಟಿತು. ಈಗ ಭಾನುವಾರ ಒಂದು ದಿನ ಡ್ರಮ್ಮಿನಲ್ಲಿ ಹೊಗೆ ಹಾಕುವವರು ಆ ವಾರಗಟ್ಟಲೆಯ ಕೆಲಸವನ್ನು ಬೇರೆ ಕಡೆಯಿಂದ ತರಬೇಕು. ಎಲ್ಲಿಂದ? ಉಗ್ರಾಣದಿಂದ.

ಮೊದಲು ಉಪ್ಪು. ಮಾಂಸವನ್ನು ಉಳಿಸುವುದು ಹೊಗೆ ಎಂದು ಬಹಳ ಜನ ನಂಬಿದ್ದಾರೆ. ಹೊಗೆ ಮುಟ್ಟುವುದು ಮೇಲ್ಪದರವನ್ನು ಮಾತ್ರ. ತುಂಡಿನ ಒಳಗೆ ಇಳಿಯುವುದು ಉಪ್ಪು. ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಾಣುಗಳಿಗೆ ಆ ನೀರು ದಕ್ಕದ ಹಾಗೆ ಮಾಡುತ್ತದೆ. ಹಾಗಾಗಿ ಉಗ್ರಾಣದಲ್ಲಿ ಉಪ್ಪು ಧಾರಾಳವಾಗಿರಲಿ, ಮಳೆಗೆ ಮುಂಚೆ ತಂದು ಗಾಳಿಯಾಡದ ಡಬ್ಬಿಗೆ ಹಾಕಿಬಿಡಿ. ಜೂನಿನಲ್ಲಿ ತಂದ ಹರಳುಪ್ಪು ನೀರೊಡೆದಿರುತ್ತದೆ, ಅದರ ತೂಕವನ್ನು ನಂಬುವಂತಿಲ್ಲ.

ತೂಕ ಎಂದೆ. ಇಲ್ಲಿ ನಾನು ಸ್ವಲ್ಪ ಹಠ ಮಾಡುತ್ತೇನೆ. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ. ಒಂದು ಚಮಚ ಪುಡಿಯುಪ್ಪಿಗೂ ಒಂದು ಚಮಚ ಹರಳುಪ್ಪಿಗೂ ತೂಕದಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ. ಹರಳುಗಳ ನಡುವೆ ಗಾಳಿ ಸೇರಿಕೊಂಡು ಚಮಚ ತುಂಬಿದ ಹಾಗೆ ಕಾಣುತ್ತದೆ, ಅಷ್ಟೆ. ಸಾರಿಗೆ ಇದು ನಡೆಯುತ್ತದೆ, ರುಚಿ ನೋಡಿ ಸರಿಮಾಡಿಕೊಳ್ಳಬಹುದು. ಹಸಿ ಹಂದಿಮಾಂಸವನ್ನು ರುಚಿ ನೋಡುವ ಹಾಗಿಲ್ಲವಲ್ಲ! ಒಂದು ಕಿಲೋ ಮಾಂಸಕ್ಕೆ 25 ಗ್ರಾಂ ಉಪ್ಪು, 10 ಗ್ರಾಂ ಪುಡಿ ಮಾಡಿದ ಬೆಲ್ಲ. ಫ್ರಿಜ್ಜಿನಲ್ಲಿಟ್ಟು ಹದ ಮಾಡಿ, ಬಿಸಿ ಹೊಗೆಯಲ್ಲಿ ಬೇಯಿಸುವ ತುಂಡಿಗೆ ಇದು ಸರಿಯಾದ ಅಳತೆ. ಎಲ್ಲ ಕಡೆ ತಿಕ್ಕಿ, ಚೀಲಕ್ಕೆ ಹಾಕಿ, 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಡಿ. ದಿನಕ್ಕೊಮ್ಮೆ ಮಗುಚಿ. ಎರಡು ಅಂಗುಲ ದಪ್ಪದ ತುಂಡಾದರೆ ಒಂದು ವಾರ ಬೇಕು. ಹಾಕಿದ ಉಪ್ಪೆಲ್ಲ ತುಂಡಿನಲ್ಲಿ ಸಮನಾಗಿ ಹರಡಿಕೊಳ್ಳುತ್ತದೆ. ಅಳತೆ ಸರಿಯಿದ್ದ ಮೇಲೆ ಒಂದು ದಿನ ಹೆಚ್ಚು ಬಿಟ್ಟರೂ ಉಪ್ಪಾಗುವ ಭಯವಿಲ್ಲ. ತೂಕದ ಲಾಭ ಇದು.

ಅಟ್ಟದ ಮಾಂಸದ ಲೆಕ್ಕ ಬೇರೆ. ಅದು ಫ್ರಿಜ್ ಕಾಣದ ಮಾಂಸ, ಹಾಗಾಗಿ ಉಪ್ಪು ಕೈತುಂಬ ಬೀಳುತ್ತಿತ್ತು. ಅಡುಗೆಗೆ ಮುಂಚೆ ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಚೆಲ್ಲುವುದು ಅದಕ್ಕೇ. ಈಗಿನವರು ಹೆಚ್ಚು ಉಪ್ಪು ಒಳ್ಳೆಯದಲ್ಲವೆಂದು ಹೇಳಿ ಅರ್ಧ ಉಪ್ಪು ಹಾಕಿ, ಮಳೆಗಾಲದಲ್ಲಿ ಹೊರಗೇ ನೇತುಹಾಕಿ, ಹಳೇ ಕ್ರಮದಲ್ಲೇ ಮಾಡಿದೆವು ಎನ್ನುತ್ತಾರೆ. ಅದು ಹಳೇ ಕ್ರಮವೂ ಅಲ್ಲ, ಹೊಸ ಕ್ರಮವೂ ಅಲ್ಲ. ಉಪ್ಪು ಕಡಿಮೆ ಮಾಡಿದಿರೋ, ಫ್ರಿಜ್ಜು ಬೇಕೇ ಬೇಕು.

ಇನ್ನೊಂದು ಉಪ್ಪಿನ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ವಿದೇಶೀ ಪಾಕವಿಧಾನ ನೋಡಿದವರು ಗುಲಾಬಿ ಬಣ್ಣದ ಕ್ಯೂರಿಂಗ್ ಸಾಲ್ಟ್ ಎಂಬ ಹೆಸರು ಕೇಳಿರುತ್ತೀರಿ. ಅದರಲ್ಲಿ 6.25 ಶೇಕಡಾ ಸೋಡಿಯಂ ನೈಟ್ರೈಟ್, ಉಳಿದದ್ದು ಮಾಮೂಲಿ ಉಪ್ಪು. ಬೇರೆ ಉಪ್ಪಿನ ಜೊತೆ ಬೆರೆತುಹೋಗಬಾರದು ಅಂತಲೇ ಅದಕ್ಕೆ ಬಣ್ಣ ಹಾಕಿರುತ್ತಾರೆ. ನಮ್ಮಲ್ಲಿ ಆದದ್ದೇ ಉಲ್ಟಾ. ಅಂಗಡಿಗಳಲ್ಲಿ ಹಿಮಾಲಯದ ಗುಲಾಬಿ ಉಪ್ಪು, ಅದೇ ನಮ್ಮ ಸೈಂಧವ ಲವಣ, ಈಗ ಎಲ್ಲೆಲ್ಲೂ ಸಿಗುತ್ತದೆ. ಅದರ ಬಣ್ಣ ಕಬ್ಬಿಣದ ಅಂಶದಿಂದ ಬಂದದ್ದು, ಅದರಲ್ಲಿ ನೈಟ್ರೈಟ್ ಇಲ್ಲ. ಸೈಂಧವವನ್ನು ಕ್ಯೂರಿಂಗ್ ಸಾಲ್ಟ್ ಎಂದುಕೊಂಡು ಬಳಸಿದರೆ ರಕ್ಷಣೆ ಸಿಗುವುದಿಲ್ಲ. ಕ್ಯೂರಿಂಗ್ ಸಾಲ್ಟನ್ನು ಸೈಂಧವ ಎಂದುಕೊಂಡು ಮಜ್ಜಿಗೆಗೆ ಹಾಕಿದರೆ ಆಸ್ಪತ್ರೆ ಸೇರಬೇಕಾಗುತ್ತದೆ: ನೈಟ್ರೈಟ್ ಹೆಚ್ಚಾದರೆ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಕುಂದುತ್ತದೆ. ಆದ್ದರಿಂದ ಅದನ್ನು ತಂದರೆ ಬೇರೆ ಕಪಾಟಿನಲ್ಲಿ, ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಮಕ್ಕಳ ಕೈಗೆ ಸಿಗದಂತೆ ಇಡಿ. ಅಳತೆ ಕಿಲೋ ಮಾಂಸಕ್ಕೆ ಎರಡೂವರೆ ಗ್ರಾಂ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಅಡುಗೆಮನೆಯ ದೊಡ್ಡ ತಕ್ಕಡಿಗೆ ಇಷ್ಟು ಸಣ್ಣ ತೂಕ ತಿಳಿಯುವುದಿಲ್ಲ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿ ಬೇಕು.

ಇದು ಅಷ್ಟು ಅಪಾಯದ್ದಾದರೆ ಯಾಕೆ ಬೇಕು ಎಂದು ಕೇಳಬಹುದು. ದಪ್ಪ ತುಂಡನ್ನು ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಹೊಗೆಗೆ ಒಡ್ಡಿದಾಗ ಒಳಗೆ ಆಮ್ಲಜನಕ ಇರುವುದಿಲ್ಲ, ತೇವ ಇರುತ್ತದೆ, ಉಗುರುಬೆಚ್ಚಗಿನ ಬಿಸಿ ಇರುತ್ತದೆ. ಬಾಟ್ಯುಲಿಸಂ ತರುವ ಕ್ಲಾಸ್ಟ್ರಿಡಿಯಂ ಎಂಬ ಸೂಕ್ಷ್ಮಾಣುವಿಗೆ ಬೇಕಾದದ್ದೂ ಅಷ್ಟೇ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿಯ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ, ಕವಿಯೂ ಆಗಿದ್ದವನು, ಹೊಗೆ ಹಾಕಿದ ಸಾಸೇಜ್ ತಿಂದು ಸತ್ತವರ ಪ್ರಕರಣಗಳನ್ನು ಕಲೆಹಾಕಿ, ಆ ವಿಷವನ್ನು ತನ್ನ ಮೇಲೇ ಪ್ರಯೋಗಿಸಿಕೊಂಡು ವಿವರ ಬರೆದಿಟ್ಟ. ನೈಟ್ರೈಟ್ ಆ ಸೂಕ್ಷ್ಮಾಣುವನ್ನು ತಡೆಯುತ್ತದೆ. ನಮ್ಮ ಅಟ್ಟದ ಮಾಂಸಕ್ಕೆ ಅದಿಲ್ಲದೆ ಹೇಗೆ ನಡೆಯಿತು? ಪಟ್ಟಿಗಳು ಬೆರಳಷ್ಟು ದಪ್ಪ, ಸುತ್ತ ಗಾಳಿ, ಉಪ್ಪು ಜಾಸ್ತಿ, ಬೇಗ ಒಣಗುತ್ತಿದ್ದವು. ನೀವೂ ತೆಳು ಪಟ್ಟಿ ಮಾಡುವವರಾದರೆ, ಅಥವಾ 110 ಡಿಗ್ರಿ ಬಿಸಿಯ ಹೊಗೆಯಲ್ಲಿ ಅವತ್ತೇ ಬೇಯಿಸಿ ತಿನ್ನುವವರಾದರೆ, ಆ ಗುಲಾಬಿ ಪುಡಿ ತರುವ ಅಗತ್ಯವೇ ಇಲ್ಲ. ಬೇಕನ್, ಹ್ಯಾಮ್ ಮಾಡುವ ಹಂಬಲದವರಿಗೆ ಮಾತ್ರ ಅದು. ಹಿಂದೆ ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್ಮಸ್ಸಿನ ಉಪ್ಪುಮಾಂಸಕ್ಕೆ ಪೆಟ್ಲುಪ್ಪು ಹಾಕುತ್ತಿದ್ದರು. ಪೆಟ್ಲುಪ್ಪು ನೈಟ್ರೈಟ್ ಆಗಿ ಬದಲಾಗುವ ವೇಗ ನಮ್ಮ ಹಿಡಿತದಲ್ಲಿಲ್ಲ, ಅದನ್ನು ಕೈಬಿಡುವುದೇ ಜಾಣತನ.

ಇನ್ನು ಸೌದೆ. ಇದೂ ಉಗ್ರಾಣದ ಸಾಮಾನೇ. ಬೇಳೆ ಅಕ್ಕಿಯಷ್ಟೇ ಜೋಪಾನವಾಗಿ ಇಡಬೇಕಾದದ್ದು. ಮರದೊಳಗೆ ಲಿಗ್ನಿನ್ ಎಂಬ ಗಟ್ಟಿ ಪದಾರ್ಥವಿದೆ. ಅದು ಉರಿಯದೆ ಕನಲಿದಾಗ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಫಿನಾಲುಗಳು ಹುಟ್ಟುತ್ತವೆ. ಹೊಗೆ ಮಾಂಸದ ಪರಿಮಳ ಎಂದು ನಾವು ಮೂಗರಳಿಸುವುದು ಇವುಗಳಿಗೇ. ಕೊಬ್ಬು ಕಮಟಾಗದಂತೆ ತಡೆಯುವುದೂ ಇವೇ. ಹೊಗೆಯಲ್ಲಿನ ಆಮ್ಲಗಳು ಮೇಲ್ಮೈಯನ್ನು ಹುಳಿಗೊಳಿಸಿ ಸೂಕ್ಷ್ಮಾಣುಗಳನ್ನು ದೂರ ಇಡುತ್ತವೆ. ಇನ್ನು ಕೆಲವು ಅಂಶಗಳು ಮಾಂಸದ ಪ್ರೋಟೀನಿನ ಜೊತೆ ಸೇರಿ ಆ ಕೆಂಗಂದು ಬಣ್ಣ ಕೊಡುತ್ತವೆ.

ಯಾವ ಮರ? ಅಮೆರಿಕದವರು ಹಿಕರಿ, ಓಕ್ ಎನ್ನುತ್ತಾರೆ. ಅಲ್ಲಿ ನೆಲೆಸಿರುವ ನಮ್ಮವರು ಅದನ್ನೇ ಕೊಳ್ಳಲಿ, ಅವರಿಗೆ ಹಿತ್ತಿಲಲ್ಲೇ ಸಿಗುತ್ತದೆ. ಇಲ್ಲಿ ಕುಳಿತು ಆ ಚಕ್ಕೆಗಳನ್ನು ಆನ್‌ಲೈನಿನಲ್ಲಿ ದುಬಾರಿ ಬೆಲೆಗೆ ತರಿಸುವುದನ್ನು ಕಂಡರೆ ನನಗೆ ನಗು ಬರುತ್ತದೆ. ನನ್ನ ಓಟು ಕಾಫಿ ಸೌದೆಗೆ. ಗಿಡ ಕಪಾತು ಮಾಡಿದಾಗ, ಹಳೆಯ ಗಿಡ ಕಿತ್ತಾಗ ಸಿಗುವ ಕೈಮಣಿಕಟ್ಟಿನ ದಪ್ಪದ ತುಂಡುಗಳು ಗಟ್ಟಿ, ನಿಧಾನವಾಗಿ ಕನಲುತ್ತವೆ, ಹೊಗೆ ಸೌಮ್ಯ. ಅದು ಸಿಗದ ಕಡೆ ಸೀಬೆ, ಆಮೇಲೆ ಮಾವು, ಹಲಸು, ನೇರಳೆ. ಶಾಖಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ಬಹಳ ಒಳ್ಳೆಯದು. ಹಣ್ಣು ಬಿಡುವ, ಗಟ್ಟಿ ಜಾತಿಯ, ರಾಳ ಸುರಿಸದ ಮರ ಎಂದು ನೆನಪಿಟ್ಟುಕೊಂಡರೆ ಸಾಕು. ನೀಲಗಿರಿ ಬೇಡ, ಅದರ ಎಣ್ಣೆಯ ವಾಸನೆ ಮಾಂಸಕ್ಕೆ ಔಷಧಿ ಅಂಗಡಿಯ ಗುಣ ಕೊಡುತ್ತದೆ. ಪೈನ್ ಮರದ ಪೆಟ್ಟಿಗೆ ಒಡೆದದ್ದು ಬೇಡ. ಪ್ಲೈವುಡ್, ಬಣ್ಣ ಬಳಿದ ಹಲಗೆ, ಗೆದ್ದಲ ಔಷಧಿ ಕುಡಿದ ಹಳೆಯ ತೊಲೆ, ಇವುಗಳ ಹೊಗೆ ವಿಷವೇ. ಕಣಗಲೆ, ಕಾಸರಕದಂಥವನ್ನು ಒಲೆಯ ಹತ್ತಿರವೂ ತರಬೇಡಿ. ಸಾ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗುತ್ತದೆ, ನಿಜ. ಯಾವ ಯಾವ ಮರದ್ದೆಂದು ಮಿಲ್ಲಿನವರಿಗೂ ಗೊತ್ತಿರುವುದಿಲ್ಲ.

ಸೌದೆ ಒಂದು ಬೇಸಿಗೆಯಾದರೂ ಒಣಗಿರಬೇಕು. ಎರಡು ತುಂಡು ತಟ್ಟಿದರೆ ಠಣ್ ಅನ್ನಬೇಕು, ದಪ್ಪ್ ಅನ್ನಬಾರದು. ಚಕ್ಕೆಗಳನ್ನು ನೀರಲ್ಲಿ ನೆನೆಸಿ ಹಾಕಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ನೆನೆಸಿದ ಚಕ್ಕೆ ಮೊದಲು ಆವಿ ಬಿಡುತ್ತದೆ, ಆ ನೀರೆಲ್ಲ ಹೋದ ಮೇಲೆಯೇ ಹೊಗೆ. ಬೆಂಕಿ ತಣ್ಣಗಾದದ್ದೇ ಬಂತು. ಹಸಿ ಸೌದೆಯ, ಉಸಿರು ಕಟ್ಟಿದ ಬೆಂಕಿಯ ಹೊಗೆ ದಪ್ಪಗೆ ಬೆಳ್ಳಗೆ ಬರುತ್ತದೆ, ಮಾಂಸಕ್ಕೆ ಕಹಿ ಹಿಡಿಸುತ್ತದೆ. ತೆಳ್ಳಗೆ, ನೀಲಿ ಛಾಯೆಯಲ್ಲಿ, ಇದೆಯೋ ಇಲ್ಲವೋ ಎನ್ನುವಂತೆ ಏಳುವ ಹೊಗೆಯೇ ಒಳ್ಳೆಯ ಹೊಗೆ. ಹೊಸಬರು ಹೊಗೆ ಕಾಣದೆ ಗಾಬರಿಯಾಗಿ ಇನ್ನಷ್ಟು ಸೌದೆ ತುಂಬುತ್ತಾರೆ. ತಾಳ್ಮೆ ಇರಲಿ. ಮಾಂಸದ ಮೈಯೂ ಒಣಗಿರಬೇಕು. ಹದ ಮಾಡಿದ ತುಂಡನ್ನು ತೊಳೆದು ಒರೆಸಿ ಫ್ರಿಜ್ಜಿನಲ್ಲಿ ಮುಚ್ಚದೆ ಒಂದು ರಾತ್ರಿ ಬಿಟ್ಟರೆ ಬೆರಳಿಗೆ ಅಂಟಂಟಾಗುವ ಪೊರೆಯೊಂದು ಕಟ್ಟುತ್ತದೆ. ಹೊಗೆ ಕೂರುವುದು ಆ ಪೊರೆಯ ಮೇಲೆ. ಒದ್ದೆ ಮೈಗೆ ಹೊಗೆ ಹಾಕಿದರೆ ಮಸಿ ಇಳಿಯುತ್ತದೆ, ಅಷ್ಟೇ.

ಸಾಂಬಾರ ಪದಾರ್ಥಗಳ ಬಗ್ಗೆ ನೀವು ಬಹಳ ಹೊತ್ತಿನಿಂದ ಕಾಯುತ್ತಿರಬಹುದು. ಇಲ್ಲಿ ಹೇಳುವುದು ಕಡಿಮೆ. ಕೊಡಗಿನ ಕರಿಮೆಣಸು, ಒರಟಾಗಿ ಕುಟ್ಟಿದ್ದು. ಅರಿಶಿನ. ಬಣ್ಣಕ್ಕೆ ಬ್ಯಾಡಗಿ. ಬೇಕಾದರೆ ಹುರಿದು ಪುಡಿ ಮಾಡಿದ ಕೊತ್ತಂಬರಿ, ಜೀರಿಗೆ. ಹಸಿ ಬೆಳ್ಳುಳ್ಳಿ ಶುಂಠಿ ಅರೆದು ಹಚ್ಚಿ ಒಣಗಲು ನೇತುಹಾಕಬೇಡಿ. ಅದರ ತೇವ ಒಂದು ತೊಂದರೆ, ಮಣ್ಣಿನಿಂದ ಬೆಳ್ಳುಳ್ಳಿಯ ಜೊತೆ ಬರುವ ಸೂಕ್ಷ್ಮಾಣು ಇನ್ನೊಂದು. ಅವೆಲ್ಲ ಬಾಣಲೆಯ ಹೊತ್ತಿಗೆ.

ಆದರೆ ಕಾಚಂಪುಳಿಯ ಬಾಟಲಿ ಇಲ್ಲದ ಉಗ್ರಾಣವನ್ನು ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಹಣ್ಣಾಗಿ ಬೀಳುವ ಪಣಂಪುಳಿಯನ್ನು ಬುಟ್ಟಿಯಲ್ಲಿ ಹಾಕಿಟ್ಟು, ತಾನಾಗಿ ಸೋರುವ ರಸವನ್ನು ಕುದಿಸಿ ಕುದಿಸಿ ಕಪ್ಪು ಪಾಕ ಮಾಡಿದ್ದೇ ಕಾಚಂಪುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಇದೇ ಮರಕ್ಕೆ ಉತ್ತರ ಕನ್ನಡದಲ್ಲಿ ಉಪ್ಪಾಗೆ ಎನ್ನುತ್ತಾರೆ. ಅಲ್ಲಿ ರಸ ಕಾಯಿಸುವುದಿಲ್ಲ, ಹಣ್ಣಿನ ಸಿಪ್ಪೆಯನ್ನು ಮಳೆಗಾಲದಲ್ಲಿ ಬೆಂಕಿಯ ಮೇಲೆ ತಟ್ಟಿಗಳಲ್ಲಿ ಹರವಿ ಹೊಗೆಯಲ್ಲಿ ಒಣಗಿಸುತ್ತಾರೆ. ಅದಕ್ಕೆ ಉರಿಯುವ ಸೌದೆ ರಾಶಿ ರಾಶಿ. ಸುಧಾರಿಸಿದ ಒಲೆಗಳು ಅಲ್ಲಿಗೆ ಬಂದದ್ದು ಕಾಡು ಉಳಿಯಲಿ ಎಂದೇ. ಒಂದೇ ಮರ, ಒಂದು ಕಡೆ ಹೊಗೆ ಮಾಂಸಕ್ಕೆ ಹುಳಿಯಾಗುತ್ತದೆ, ಇನ್ನೊಂದು ಕಡೆ ತಾನೇ ಹೊಗೆ ಕುಡಿಯುತ್ತದೆ. ಕಾಚಂಪುಳಿಯನ್ನು ಗಾಜಿನ ಬಾಟಲಿಯಲ್ಲಿಡಿ, ಅಲ್ಯುಮಿನಿಯಂ ಹಿತ್ತಾಳೆಗೆ ಹಾಕಬೇಡಿ. ಕೊಳ್ಳುವಾಗ ಚಮಚ ಅದ್ದಿ ನೋಡಿ, ಬೆನ್ನಿಗೆ ಅಂಟಿಕೊಂಡು ಇಳಿಯಬೇಕು. ನೀರಿನಂತೆ ಜಾರಿದರೆ ನೀರೇ. ಹೊಗೆಗೆ ಮುಂಚೆ ಹಚ್ಚಬೇಡಿ. ಅಡುಗೆ ಮುಗಿಯುವ ಹೊತ್ತಿಗೆ ಒಂದು ಚಮಚ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಕಡಂಬುಟ್ಟಿನ ಜೊತೆ ಪಂದಿ ಕರಿ ಮಾಡುವವರು ಒಂದು ಪಾಲು ಹೊಗೆ ಮಾಂಸ ಬೆರೆಸಿ ನೋಡಿ. ಸಂಪ್ರದಾಯದವರು ಒಪ್ಪಲಿಕ್ಕಿಲ್ಲ, ನಾಲಿಗೆ ಒಪ್ಪುತ್ತದೆ.

ಉಳಿದ ಸಾಮಾನು ಬೇಗ ಹೇಳಿಬಿಡುತ್ತೇನೆ. ಹತ್ತಿಯ ಹುರಿ, ತೆಳುವಾದ ಮಲ್ಲು ಬಟ್ಟೆ, ಸ್ಟೀಲಿನ ಕೊಕ್ಕೆ. ಸತುವಿನ ಲೇಪದ ಕೊಕ್ಕೆ, ಜಾಲರಿ ಬೇಡ, ಸತು ಬಿಡುತ್ತದೆ. ಡ್ರಮ್ಮು ಮಾಡುವವರು ತೋಟಕ್ಕೆ ಔಷಧಿ ಬಂದ ಡ್ರಮ್ಮನ್ನು ಎಷ್ಟು ಸುಟ್ಟು ತೊಳೆದರೂ ಬಳಸಬಾರದು. ರಬ್ಬರ್ ಬೆಳೆಗಾರರು ಶೀಟು ಒಣಗಿಸುವ ಹೊಗೆಗೂಡು ಖಾಲಿ ಇದೆ ಎಂದು ಅದರಲ್ಲಿ ಮಾಂಸ ತೂಗುಹಾಕುವ ಆಲೋಚನೆಯನ್ನೂ ಕೇಳಿದ್ದೇನೆ, ದಯವಿಟ್ಟು ಬೇಡ. ಇವೆಲ್ಲಕ್ಕಿಂತ ಮುಖ್ಯವಾದದ್ದು ಉಷ್ಣಮಾಪಕ, ಮಾಂಸದೊಳಗೆ ಚುಚ್ಚಿ ನೋಡುವಂಥದ್ದು. ಬಣ್ಣ ನೋಡಿ ಬೆಂದಿದೆ ಎನ್ನುವುದು ಹೊಗೆ ಮಾಂಸದಲ್ಲಿ ನಡೆಯದು. ಹೊಗೆಯೂ ನೈಟ್ರೈಟೂ ಬೆಂದ ಮಾಂಸವನ್ನೂ ಕೆಂಪಗೇ ಇಡುತ್ತವೆ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಬೇಕು. ಹಂದಿಯ ಇಡೀ ತುಂಡು 63 ಡಿಗ್ರಿ ಮುಟ್ಟಿ ಮೂರು ನಿಮಿಷ ನಿಂತರೆ ಸಾಕೆಂದು ಅಮೆರಿಕದ ಕೃಷಿ ಇಲಾಖೆ 2011ರಿಂದ ಹೇಳುತ್ತ ಬಂದಿದೆ. ನಮ್ಮ ಅಡುಗೆ ಅಲ್ಲಿಗೆ ನಿಲ್ಲುವುದೂ ಇಲ್ಲ. ಮುಂಗಾಲಿನ ಭಾಗ ಎಳೆದರೆ ಬಿಡಿಬಿಡಿಯಾಗಿ ಬರಬೇಕಾದರೆ 90ರ ಮೇಲೇ ಹೋಗಬೇಕು.

ಹೊಗೆ ಹಾಕಿದ್ದೇ ಬೆಂದ ಹಾಗೆ ಎಂಬ ತಪ್ಪು ತಿಳಿವಳಿಕೆಯೊಂದಿದೆ. ಅಟ್ಟದ ಮಾಂಸ ಬೇಯುವುದಿಲ್ಲ, ಒಣಗುತ್ತದೆ. ಹಂದಿಯ ಲಾಡಿಹುಳುವಿನ ಗಂಟುಗಳು ಸರಿಯಾಗಿ ಬೇಯದ ಮಾಂಸದಿಂದ ನಮ್ಮ ಕರುಳಿಗೆ ಬರುತ್ತವೆ. ಆ ಹುಳುವಿನ ಮೊಟ್ಟೆ ಕೊಳಕು ಕೈ, ಕೊಳಕು ನೀರಿನಿಂದ ಇನ್ನೊಬ್ಬರ ಹೊಟ್ಟೆ ಸೇರಿ, ಮಿದುಳಿಗೆ ಹೋಗಿ ಮೂರ್ಛೆರೋಗ ತರುತ್ತದೆ. ನಮ್ಮ ದೇಶದಲ್ಲಿ ಇದು ಪುಸ್ತಕದ ಮಾತಲ್ಲ. ಉಪ್ಪನ್ನೂ ಹೊಗೆಯನ್ನೂ ನಂಬಿ ಕೂರದೆ, ನೆನೆಸಿದ ಪಟ್ಟಿಯನ್ನು ಪೂರ್ತಿ ಬೇಯಿಸಿಯೇ ತಿನ್ನಿ. ಹಿರಿಯರೂ ಹಾಗೆಯೇ ಮಾಡುತ್ತಿದ್ದರು. ಅಟ್ಟದಿಂದ ಕಿತ್ತು ಹಸಿಯಾಗಿ ಯಾರೂ ಜಗಿಯುತ್ತಿರಲಿಲ್ಲ.

ಬೆಂಗಳೂರು ಮೈಸೂರಿನ ಫ್ಲ್ಯಾಟುಗಳಲ್ಲಿ ಇರುವವರು ಏನು ಮಾಡಬೇಕು? ಬಾಲ್ಕನಿಯಲ್ಲಿ ಸೌದೆ ಉರಿಸಿದರೆ ಪಕ್ಕದ ಮನೆಯವರು ಬಿಡುವುದಿಲ್ಲ, ಬಿಡಲೂಬಾರದು. ಮುಚ್ಚಿದ ಕೋಣೆಯಲ್ಲಿ, ಸ್ನಾನದ ಮನೆಯಲ್ಲಿ ಇದ್ದಿಲು ಹೊತ್ತಿಸುವ ಸಾಹಸ ಖಂಡಿತ ಬೇಡ. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜನ ನಿದ್ದೆಯಲ್ಲೇ ಸಾಯುತ್ತಾರೆ. ಅವರಿಗೆ ಒಂದು ದಾರಿ ಚೀನೀಯರದ್ದು. ದಪ್ಪ ತಳದ ಹಳೆಯ ಬಾಣಲೆ, ಒಳಗೆ ಅಲ್ಯುಮಿನಿಯಂ ಹಾಳೆ, ಅದರ ಮೇಲೆ ಒಂದು ಹಿಡಿ ಅಕ್ಕಿ, ಒಂದು ಹಿಡಿ ಚಹಾಸೊಪ್ಪು, ಒಂದು ಹಿಡಿ ಬೆಲ್ಲ. ಮೇಲೆ ತಂತಿ ತಟ್ಟೆ, ಅದರಲ್ಲಿ ಮೊದಲೇ ಬೇಯಿಸಿದ ಕೋಳಿ. ಬಿಗಿಯಾದ ಮುಚ್ಚಳ, ಕಾಲು ಗಂಟೆ ಉರಿ, ಕಿಟಕಿ ತೆರೆದಿರಲಿ. ಮೂರೂ ಸಾಮಾನು ನಿಮ್ಮ ಮನೆಯಲ್ಲಿ ಈಗಲೇ ಇವೆ. ಇದು ಉಳಿಸಿಡುವ ಕ್ರಮವಲ್ಲ, ರುಚಿಯ ಕ್ರಮ. ಕೆಂಡದ ಮೇಲೆ ತುಪ್ಪ ಬಿಟ್ಟು ಮುಚ್ಚಿಡುವ ಧುಂಗಾರವೂ ಅಷ್ಟೇ. ಇನ್ನು ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳವರ ಅಂಗಡಿಗಳಿಗೆ ಒಮ್ಮೆ ಹೋಗಿ ನೋಡಿ. ನಾಗಾ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇನ್ನೂ ಬದುಕಿದೆ. ಕಪ್ಪಗೆ ಗಟ್ಟಿಯಾದ ಆ ಹಂದಿಮಾಂಸ, ಪಕ್ಕದಲ್ಲೇ ಬಿದಿರಿನ ಕಳಲೆ. ಕೊಡಗಿನವರು ಅದನ್ನು ಕಂಡರೆ ಬಂಧುಗಳನ್ನು ಕಂಡ ಹಾಗೆ ನಿಂತುಬಿಡುತ್ತಾರೆ.

ಮಾಡಿದ ಮಾಂಸ ಇಡುವ ವಿಚಾರ. ಬಿಸಿ ಹೊಗೆಯಲ್ಲಿ ಬೆಂದದ್ದು ಫ್ರಿಜ್ಜಿನಲ್ಲಿ ನಾಲ್ಕು ದಿನ, ಫ್ರೀಜರಿನಲ್ಲಿ ಎರಡು ಮೂರು ತಿಂಗಳು. ಪೊಟ್ಟಣದ ಮೇಲೆ ತಾರೀಖು ಬರೆಯಿರಿ. ಬರೆಯಲು ಒಂದು ಮಾರ್ಕರ್ ಪೆನ್ನು ಉಗ್ರಾಣದಲ್ಲೇ ಇರಲಿ. ಗಾಳಿ ತೆಗೆದು ಪ್ಯಾಕ್ ಮಾಡಿದ್ದರಿಂದ ಹೊರಗಿಟ್ಟರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಗಾಳಿಯಿಲ್ಲದ ಜಾಗ ಆ ಕ್ಲಾಸ್ಟ್ರಿಡಿಯಂಗೆ ತವರುಮನೆ.

ಎಷ್ಟು ತಿನ್ನಬಹುದು ಎಂಬುದನ್ನೂ ಹೇಳಬೇಕು. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಉಪ್ಪು ಹಾಕಿದ, ಹೊಗೆ ಹಾಕಿದ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಾ 50 ಗ್ರಾಂ ತಿನ್ನುವವರಿಗೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು 18 ಶೇಕಡಾ ಏರುತ್ತದೆ ಎಂಬುದು ಅವರ ಲೆಕ್ಕ. ದಿನಾ ಎಂಬ ಶಬ್ದವನ್ನು ಕೇಳಿಸಿಕೊಳ್ಳಿ. ನಮ್ಮಲ್ಲಿ ಇದು ದಿನದ ಊಟವಾಗಿರಲಿಲ್ಲ. ಗಂಜಿಯ ಜೊತೆಗೆ ಎರಡು ಚೂರು, ಮಳೆ ಬಿಡದ ದಿನಕ್ಕೆ. ಆ ಅಳತೆಯಲ್ಲೇ ಇರಲಿ.

ಕೊನೆಯದಾಗಿ ಒಂದು ಕೋರಿಕೆ. ಅಟ್ಟದ ಮಾಂಸ ಮಾಡಿ ಗೊತ್ತಿರುವ ಅಜ್ಜಿಯೋ ದೊಡ್ಡಮ್ಮನೋ ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಇದ್ದರೆ, ಈ ತಿಂಗಳೊಳಗೆ ಒಂದು ಕಿಲೋ ಮಾಂಸ, ಒಂದು ತಕ್ಕಡಿ ಹಿಡಿದು ಅವರ ಹತ್ತಿರ ಹೋಗಿ. ಎಷ್ಟು ಉಪ್ಪು ಎಂದು ಬಾಯಲ್ಲಿ ಕೇಳಬೇಡಿ, ಅಂದಾಜಿಗೆ ಎನ್ನುತ್ತಾರೆ. ಅವರು ಹಿಡಿ ತುಂಬಿ ಹಾಕುವ ಮೊದಲು ಆ ಹಿಡಿಯ ಕೆಳಗೆ ತಕ್ಕಡಿಯ ತಟ್ಟೆ ಹಿಡಿಯಿರಿ. ಬಂದ ತೂಕವನ್ನು, ಪಟ್ಟಿಯ ದಪ್ಪವನ್ನು, ಒಲೆಯಿಂದ ಎಷ್ಟು ಮೊಳ ಮೇಲೆ ತೂಗುಹಾಕುತ್ತಿದ್ದರು ಎಂಬುದನ್ನು ಬರೆದುಕೊಂಡು ಉಗ್ರಾಣದ ಬಾಗಿಲಿನ ಒಳಗೆ ಅಂಟಿಸಿ.